ಕಣದಲ್ಲಿ ಕ್ರಿಕೆಟ್, ಊರಲ್ಲಿ ಬಂಡಾಯ

(ನವಲಗುಂದದಲ್ಲಿ ನೀಡಿದ ಮಕ್ಕಳ ಸಾಹಿತ್ಯ ದತ್ತಿ ಉಪನ್ಯಾಸದ ಪಠ್ಯ)



ಇವತ್ತು ನಾನು ಒಂದೇ ಬಗೆಯ ಪುಸ್ತಕದ ಬಗ್ಗೆ ಮಾತಾಡುತ್ತೇನೆ. ಕಷ್ಟದ ಕಾಲದಲ್ಲಿ ಬೆಳೆಯುವ, ಕ್ರಿಕೆಟ್ಟಿನ ಹುಚ್ಚಿರುವ ಒಂದು ಮಗುವಿನ ಕತೆ ಹೇಳುವ ಚಾರಿತ್ರಿಕ ಕಾದಂಬರಿ ಅದು. ಅಂಥ ಕಾದಂಬರಿಯೊಂದು ಈ ನೆಲದಿಂದ, 1980ರ ನವಲಗುಂದದಿಂದ ಬರಬೇಕೆಂಬುದು ನನ್ನ ಬಹುದಿನದ ಆಸೆ. ಅದು ಹೇಗಿರಬೇಕು, ಯಾವ ತಪ್ಪು ದಾರಿಗೆ ಹೋಗಬಾರದು ಎಂಬುದೇ ಇವತ್ತಿನ ವಿಷಯ.

ಮಕ್ಕಳಿಗಾಗಿ ಇತಿಹಾಸ ಬರೆಯುವಾಗ ನಾವು ಬಹಳ ಸಲ ಒಂದೇ ಹಾದಿ ಹಿಡಿಯುತ್ತೇವೆ. ದೊಡ್ಡ ಘಟನೆಯೊಂದನ್ನು ಆರಿಸುತ್ತೇವೆ, ಅದರ ನಡುವೆ ಒಬ್ಬ ಹುಡುಗನನ್ನು ನಿಲ್ಲಿಸುತ್ತೇವೆ, ಅವನ ಕೈಗೆ ಬಾವುಟ ಕೊಡುತ್ತೇವೆ. ಹುಡುಗ ಗುಟ್ಟಿನ ಚೀಟಿ ಮುಟ್ಟಿಸುತ್ತಾನೆ, ಹಿರಿಯರ ಜೀವ ಉಳಿಸುತ್ತಾನೆ, ಕೊನೆಯ ಪುಟದಲ್ಲಿ ಎಲ್ಲರೂ ಅವನ ಬೆನ್ನು ತಟ್ಟುತ್ತಾರೆ. ಓದುವ ಮಗುವಿಗೆ ಇದು ಸುಳ್ಳೆಂದು ತಕ್ಷಣ ಗೊತ್ತಾಗುತ್ತದೆ. ತನ್ನ ಮನೆಯಲ್ಲಿ ಸಾಲದ ಮಾತು ನಡೆದಾಗ ತನ್ನನ್ನು ಯಾರೂ ಕೇಳುವುದಿಲ್ಲ, ಹೊರಗೆ ಹೋಗಿ ಆಡು ಅನ್ನುತ್ತಾರೆ. ಹೊರಗೆ ಹೋದ ಮಗು ಆಡುತ್ತದೆ. ಆ ಆಟಕ್ಕೆ ಏನಾಗುತ್ತದೆ ಎಂಬಲ್ಲಿಯೇ ಮಗುವಿನ ಇತಿಹಾಸ ಇದೆ.

ಇದನ್ನು ಚೆನ್ನಾಗಿ ಬಲ್ಲವರು ಆರ್. ಕೆ. ನಾರಾಯಣ್. ಮೈಸೂರಿನಲ್ಲಿ ಬಾಳಿದ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ 1935ರಲ್ಲಿ ಪ್ರಕಟವಾಯಿತು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದಾಗಿ ಸ್ವಾಮಿ ನಮ್ಮ ಮನೆಮನೆಗೂ ಬಂದ. ನೋಡಿದವರಿಗೆಲ್ಲ ಅವನ ತುಂಟತನ ನೆನಪಿದೆ. ಆ ಕತೆಯೊಳಗೆ ಒಂದು ಖಚಿತ ದಿನಾಂಕ ಇದೆ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. 1930ರ ಆಗಸ್ಟ್ 15. ಕಾನೂನುಭಂಗ ಚಳವಳಿಯ ಕಾಲ. ಸರಯೂ ನದಿಯ ದಂಡೆಯಲ್ಲಿ ಪ್ರತಿಭಟನೆಯ ಸಭೆ, ವಿದೇಶಿ ಬಟ್ಟೆಗೆ ಬೆಂಕಿ. ಹತ್ತು ವರ್ಷದ ಸ್ವಾಮಿ ಆವೇಶದಲ್ಲಿ ತನ್ನ ಟೋಪಿಯನ್ನೇ ಬೆಂಕಿಗೆ ಎಸೆಯುತ್ತಾನೆ. ಮರುದಿನದ ಹರತಾಳದಲ್ಲಿ ಶಾಲೆಯ ಕಿಟಕಿಯ ಗಾಜು ಒಡೆಯುತ್ತಾನೆ. ಪೊಲೀಸರು ಗುಂಪಿನ ಮೇಲೆ ಲಾಠಿ ಬೀಸುತ್ತಾರೆ, ಮತ್ತು ಬೀಸಲು ಹೇಳಿದ ಅಧಿಕಾರಿ ಸ್ವಾಮಿಯ ಪ್ರಾಣಸ್ನೇಹಿತ ರಾಜಂನ ತಂದೆ.

ಇಲ್ಲಿಂದ ಮುಂದೆ ನಾರಾಯಣ್ ಮಾಡುವುದನ್ನು ನೋಡಿ. ಸ್ವಾಮಿಯನ್ನು ಅವರು ಸ್ವಾತಂತ್ರ್ಯ ಹೋರಾಟಗಾರ ಮಾಡುವುದಿಲ್ಲ. ಅವನ ದೇಶಭಕ್ತಿ ಒಂದೆರಡು ದಿನದ್ದು. ಅದರ ಫಲ ಮಾತ್ರ ಉದ್ದಕ್ಕೂ ಬೆನ್ನು ಹತ್ತುತ್ತದೆ. ಗಾಜು ಒಡೆದದ್ದಕ್ಕೆ ಆ ಶಾಲೆ ತಪ್ಪುತ್ತದೆ, ಹೊಸ ಶಾಲೆಗೆ ಸೇರಬೇಕಾಗುತ್ತದೆ. ಹೊಸ ಶಾಲೆಯಲ್ಲಿ ಸಂಜೆ ಡ್ರಿಲ್ ತರಗತಿ. ಅಷ್ಟರಲ್ಲಿ ಗೆಳೆಯರು ಎಂ.ಸಿ.ಸಿ. ಎಂಬ ಕ್ರಿಕೆಟ್ ತಂಡ ಕಟ್ಟಿದ್ದಾರೆ, ಸ್ವಾಮಿ ಅದರ ಬೌಲರ್, ಅವನಿಗೆ ಇಂಗ್ಲೆಂಡಿನ ಬೌಲರ್ ಟೇಟ್‌ನ ಹೆಸರಿಟ್ಟಿದ್ದಾರೆ. ಡ್ರಿಲ್‌ನಿಂದಾಗಿ ಅಭ್ಯಾಸಕ್ಕೆ ಹೋಗಲಾಗುವುದಿಲ್ಲ. ತಪ್ಪಿಸಿಕೊಂಡರೆ ಬೆತ್ತ, ಬೆತ್ತಕ್ಕೆ ಹೆದರಿ ಊರು ಬಿಟ್ಟು ಓಡಿದರೆ ಕಾಡು. ಕಾಡಿನಿಂದ ಮರಳುವ ಹೊತ್ತಿಗೆ ಪಂದ್ಯ ಮುಗಿದಿದೆ, ತಂಡ ಸೋತಿದೆ, ರಾಜಂ ಮಾತು ಬಿಟ್ಟಿದ್ದಾನೆ. ಕೊನೆಗೆ ತಂದೆಯ ವರ್ಗವಾಗಿ ರಾಜಂ ರೈಲು ಹತ್ತಿ ಹೋಗುತ್ತಾನೆ. 1930ರ ಚಳವಳಿ ಒಬ್ಬ ಹುಡುಗನ ಬದುಕಿನಿಂದ ಕಿತ್ತುಕೊಂಡದ್ದು ಒಂದು ಪಂದ್ಯ, ಒಬ್ಬ ಗೆಳೆಯ. ಹಿರಿಯರ ಲೆಕ್ಕದಲ್ಲಿ ಇದು ಏನೂ ಅಲ್ಲ. ಹತ್ತು ವರ್ಷದವನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ನಾರಾಯಣ್ ಆ ಹತ್ತು ವರ್ಷದವನ ಲೆಕ್ಕವನ್ನೇ ಹಿಡಿದು ಬರೆದರು. ಆ ಪುಸ್ತಕ ಇಂದಿಗೂ ಉಸಿರಾಡುತ್ತಿರುವುದು ಅದಕ್ಕೇ.

ಅದೇ ಕಾದಂಬರಿಯಲ್ಲಿ ನನಗೆ ಬಲು ಇಷ್ಟವಾದ ಒಂದು ಸಂಗತಿ ಇದೆ. ತಂಡ ಕಟ್ಟಿದ ಹುಡುಗರಿಗೆ ಒಂದು ಭಯ ಹುಟ್ಟುತ್ತದೆ. ಸರಕಾರ ಎಲ್ಲದಕ್ಕೂ ತೆರಿಗೆ ಹಾಕುತ್ತದೆ, ನಮ್ಮ ಕ್ರಿಕೆಟ್ ತಂಡಕ್ಕೂ ಹಾಕಿದರೆ ಏನು ಮಾಡುವುದು? ಓದುವಾಗ ನಗು ಬರುತ್ತದೆ. ತೆರಿಗೆಯ ಮಾತು ಊಟದ ಹೊತ್ತಿಗೂ ಕೇಳಿಬರುವ ಮನೆಯಲ್ಲಿ ಬೆಳೆದ ಮಗುವಿಗೆ ಮಾತ್ರ ಅದು ನಿಜವಾದ ಭಯ. 1980ರಲ್ಲಿ ಇದೇ ನವಲಗುಂದದಲ್ಲಿ ಅಂಥ ಮನೆಗಳು ಸಾವಿರಾರು ಇದ್ದವು.

ಹಿರಿಯರಿಗೆ ಗೊತ್ತಿರುವ ಸಂಗತಿಯೇ ಆದರೂ ಮಕ್ಕಳಿಗಾಗಿ ಹೇಳುತ್ತೇನೆ. ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. 1970ರ ದಶಕದಲ್ಲಿ ಕಾಲುವೆಗಳು ನವಲಗುಂದ, ನರಗುಂದ ಭಾಗದ ಎರಿ ಹೊಲಗಳ ಕಡೆ ಬಂದವು. ಜೋಳ, ಕಡಲೆ, ಗೋದಿ ಬೆಳೆಯುತ್ತಿದ್ದ ರೈತರು ಹೈಬ್ರಿಡ್ ಹತ್ತಿಗೆ ತಿರುಗಿದರು. ಧಾರವಾಡದಲ್ಲೇ ಹುಟ್ಟಿದ ವರಲಕ್ಷ್ಮಿ ತಳಿ ಮೊದಮೊದಲು ಒಳ್ಳೆಯ ಬೆಲೆ ತಂದುಕೊಟ್ಟಿತು. ಗೊಬ್ಬರ, ಔಷಧ, ಕೂಲಿ ಎಲ್ಲದರ ಖರ್ಚೂ ಏರಿತು. ಆಮೇಲೆ ಹತ್ತಿಯ ಬೆಲೆ ಬಿತ್ತು. ಕೆಲವು ಕಡೆ ನೀರು ನಿಂತು ಹೊಲ ಜವಳಾಯಿತು, ಕೆಲವು ಕಡೆ ನೀರೇ ಮುಟ್ಟಲಿಲ್ಲ. ಅಂಥ ಹೊತ್ತಿನಲ್ಲಿ ನೀರಾವರಿಯಿಂದ ಭೂಮಿಯ ಬೆಲೆ ಹೆಚ್ಚಿತೆಂದು ಅಭಿವೃದ್ಧಿ ಕರ ಕಟ್ಟಿರೆಂದು ನೋಟಿಸು ಬಂತು, ನೀರಿನ ಕರದ ಬಾಕಿಯೂ ಬಂತು. ರೈತರು ಸಮನ್ವಯ ಸಮಿತಿ ಕಟ್ಟಿಕೊಂಡು ತಹಶೀಲ್ದಾರ ಕಚೇರಿ ಮುಂದೆ ಕೂತರು. 1980ರ ಜುಲೈ 21ರಂದು ನವಲಗುಂದ, ನರಗುಂದ ಎರಡೂ ಕಡೆ ಗೋಲಿಬಾರ್ ಆಯಿತು. ಇಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ಅಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ನರಗುಂದದಲ್ಲಿ ಪೊಲೀಸರೂ ಜೀವ ಕಳೆದುಕೊಂಡರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಪ್ರತಿ ವರ್ಷ ಜುಲೈ 21ಕ್ಕೆ ಇಲ್ಲಿ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಭಾಷಣಗಳಾಗುತ್ತವೆ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಈ ಎಲ್ಲ ಅರ್ಥಶಾಸ್ತ್ರವನ್ನು ಮಗುವಿಗೆ ವಿವರಿಸಲು ಕಾದಂಬರಿಕಾರ ಒಂದೂ ಪುಟ ಖರ್ಚು ಮಾಡಬೇಕಾಗಿಲ್ಲ. ಹುಡುಗರು ಎಲ್ಲಿ ಆಡುತ್ತಿದ್ದರೆಂದು ತೋರಿಸಿದರೆ ಸಾಕು.

ಎರಿ ಭೂಮಿ ಕ್ರಿಕೆಟ್ಟಿಗೆ ಒಗ್ಗುವ ನೆಲವಲ್ಲ. ಮಳೆಗಾಲದಲ್ಲಿ ಕಾಲಿಟ್ಟರೆ ಮಣ್ಣು ಮೊಣಕಾಲಿಗೆ ಮೆತ್ತುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ, ಬಿರುಕಿಗೆ ಬಿದ್ದ ರಬ್ಬರ್ ಚೆಂಡು ಕೈಗೆ ಸಿಗುವುದಿಲ್ಲ. ಇಂಥ ಊರಲ್ಲಿ ಹುಡುಗರಿಗೆ ಸಿಗುವ ಸಮನೆಯ ಗಟ್ಟಿ ನೆಲ ಒಂದೇ, ಅದು ಕಣ. ಸುಗ್ಗಿಗೆ ಮುಂಚೆ ನೀರು ಹೊಡೆದು, ತುಳಿಸಿ, ಸಗಣಿ ಸಾರಿಸಿ ಮಾಡಿದ ಕಣ. ಜೋಳದ ರಾಶಿ ಆಗಿ, ಕಾಳು ಹಗೇವಿಗೆ ಹೋದ ಮೇಲೆ ಆ ನೆಲ ಹುಡುಗರದು. ನಡುವಿನ ಮೇಟಿ ಕಂಬದ ಕಡೆಯಿಂದ ಬೌಲಿಂಗು, ಬಣವಿಗೆ ಹೊಡೆದರೆ ನಾಲ್ಕು. ಬೆಳೆ ಬಂದರೆ ಕಣ, ಕಣ ಇದ್ದರೆ ಪಿಚ್.

ಬರಗಾಲದ ವರ್ಷ ಯಾರೂ ಕಣ ಮಾಡುವುದಿಲ್ಲ. ಹತ್ತಿ ಬಂದ ವರ್ಷವೂ ಮಾಡುವುದಿಲ್ಲ, ಏಕೆಂದರೆ ಹತ್ತಿಗೆ ತುಳಿಸುವ, ತೂರುವ ಕೆಲಸ ಇಲ್ಲ. ಬಿಡಿಸಿ, ಅಂಡಿಗೆ ತುಂಬಿ, ಅಣ್ಣಿಗೇರಿಯ ಪೇಟೆಗೋ ಹುಬ್ಬಳ್ಳಿಗೋ ಕಳಿಸಿದರೆ ಮುಗಿಯಿತು. ಜೋಳದ ಹೊಲ ಹತ್ತಿಯ ಹೊಲವಾದಾಗ ಊರಿನ ಕಣ ಒಂದೊಂದಾಗಿ ಕಡಿಮೆಯಾಗುತ್ತದೆ. ಹಿರಿಯರು ಕೈತುಂಬ ರೊಕ್ಕ ಎಣಿಸಿದ ವರ್ಷವೇ ಹುಡುಗರ ಪಿಚ್ ಹೋಯಿತು. ಹುಡುಗನಿಗೆ ಇದು ಅರ್ಥವಾಗದ ಒಗಟು. ಅಪ್ಪ ಖುಷಿಯಾಗಿದ್ದಾನೆ, ಹೊಸ ರೇಡಿಯೋ ಬಂದಿದೆ, ಆಡಲು ಮಾತ್ರ ಜಾಗ ಇಲ್ಲ. ಎರಡು ವರ್ಷ ಕಳೆದು ಕಾಲುವೆಯ ಬದಿಯ ಹೊಲ ಜವಳಾಗಿ ಅಪ್ಪ ಸುಮ್ಮನೆ ಕೂತಾಗ ಆ ಒಗಟು ಬಿಡಿಸಿಕೊಳ್ಳುತ್ತದೆ. ಮಲಪ್ರಭೆಯ ನೀರಾವರಿಯ ಇಡೀ ಚರಿತ್ರೆ ಇಪ್ಪತ್ತೆರಡು ಗಜದ ನೆಲದಲ್ಲಿ ಅಡಕವಾಗಿದೆ ಎಂದು ನಾನು ನಂಬುತ್ತೇನೆ.

ಬ್ಯಾಟಿನದೂ ಇದೇ ಕತೆ. ಅಂಗಡಿಯ ಬ್ಯಾಟು ಹಳ್ಳಿ ಹುಡುಗರ ಕೈಗೆ ಎಟುಕುವಂಥದ್ದಲ್ಲ. ಬಡಿಗೇರ ಮನೆಯಲ್ಲಿ ಕುಂಟೆ, ರಂಟೆ ದುರಸ್ತಿಯ ನಡುವೆ ಉಳಿದ ಬೇವಿನ ಇಲ್ಲವೇ ಜಾಲಿಯ ತುಂಡಿನಲ್ಲಿ ಕೆತ್ತಿಸಿಕೊಂಡದ್ದೇ ಬ್ಯಾಟು. ಬಡಿಗನಿಗೆ ವರ್ಷದ ದುಡಿಮೆಯ ಕೂಲಿ ಆಯದ ರೂಪದಲ್ಲಿ ಕಣದಲ್ಲೇ ಸಿಗುತ್ತಿತ್ತು. ಕಣ ಇಲ್ಲದ ವರ್ಷ ಆಯವೂ ಇಲ್ಲ. ಆಯ ಸಿಗದ ಬಡಿಗ ಹುಬ್ಬಳ್ಳಿಗೆ ಕೆಲಸ ಹುಡುಕಿಕೊಂಡು ಹೋದರೆ ತಂಡಕ್ಕೆ ಬ್ಯಾಟು ಮಾಡಿಕೊಡುವವರು ಯಾರು? ಬಡಿಗನ ಮಗನೇ ತಂಡದ ಒಳ್ಳೆಯ ವಿಕೆಟ್ ಕೀಪರ್ ಆಗಿದ್ದರೆ ತಂಡದ ಗತಿ ಏನು? ಕಲಘಟಗಿಯಿಂದ ಬಂದವರಿಗೆ ಇನ್ನೊಂದು ಚಿತ್ರ ಹೊಳೆಯಬಹುದು. ಬಣ್ಣದ ತೊಟ್ಟಿಲು ಮಾಡುವ ನಿಮ್ಮೂರಿನ ಕುಶಲಿಗಳ ಮನೆಯ ಹುಡುಗ ಉಳಿದ ಮರದಲ್ಲಿ ಬ್ಯಾಟು ಕೆತ್ತಿ ಅದಕ್ಕೂ ತೊಟ್ಟಿಲ ಬಣ್ಣ ಬಳಿದರೆ ಎಷ್ಟು ಚೆಂದ! ಅದು ಬೇರೆ ಕಾದಂಬರಿ, ಅದನ್ನು ನಿಮ್ಮಲ್ಲೇ ಯಾರಾದರೂ ಬರೆಯಿರಿ.

ಇನ್ನು ರೇಡಿಯೋ. 1980ರ ಫೆಬ್ರುವರಿಯಲ್ಲಿ, ಗೋಲಿಬಾರಿಗೆ ಐದು ತಿಂಗಳ ಮೊದಲು, ಮುಂಬಯಿಯ ವಾಂಖೆಡೆಯಲ್ಲಿ ಇಂಗ್ಲೆಂಡಿನ ವಿರುದ್ಧ ಸುವರ್ಣ ಮಹೋತ್ಸವದ ಟೆಸ್ಟ್ ನಡೆಯಿತು. ಭಾರತದ ನಾಯಕ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ವಿಕೆಟ್ ಕೀಪರ್ ಬಾಬ್ ಟೇಲರ್ ಕ್ಯಾಚ್ ಔಟ್ ಎಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ತಿಳಿದ ವಿಶ್ವನಾಥ್ ಮನವಿ ಹಿಂದೆ ಪಡೆದು ಟೇಲರ್‌ರನ್ನು ಮರಳಿ ಕರೆದರು. ಟೇಲರ್ ಮತ್ತು ಬಾಥಮ್ ಸೇರಿ 171 ರನ್ ಕೂಡಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು.

ಇದನ್ನು ಕೇಳಿದ ಹಳ್ಳಿಯ ಹುಡುಗರು ಕಣದಲ್ಲಿ ಏನೆಂದು ಜಗಳಾಡಿರಬೇಕು! ಒಬ್ಬ ವಿಶ್ವನಾಥ್ ಮಾಡಿದ್ದು ಸರಿ ಅನ್ನುತ್ತಾನೆ, ಇನ್ನೊಬ್ಬ ಸೋತಮೇಲೆ ಏನು ಸರಿ ಅನ್ನುತ್ತಾನೆ. ಅಂಪೈರ್ ಹೇಳಿದ್ದು ತಪ್ಪಾಗಿದ್ದರೆ ಯಾರು ತಿದ್ದಬೇಕು ಎಂಬ ಪ್ರಶ್ನೆ ಏಳುತ್ತದೆ. ಐದು ತಿಂಗಳಾದ ಮೇಲೆ ಅದೇ ಊರಿನ ಹಿರಿಯರು, ನೀರೇ ಬಾರದ ಹೊಲಕ್ಕೆ ಕರ ಹಾಕಿದ್ದನ್ನು ಯಾರು ತಿದ್ದಬೇಕೆಂದು ಕಚೇರಿ ಮುಂದೆ ಕೂತು ಕೇಳುತ್ತಾರೆ. ಕಾದಂಬರಿಕಾರರಲ್ಲಿ ನನ್ನ ಒಂದೇ ವಿನಂತಿ: ಈ ಎರಡನ್ನೂ ಜೋಡಿಸಿ ಹುಡುಗನ ಬಾಯಲ್ಲಿ ಭಾಷಣ ಮಾಡಿಸಬೇಡಿ. ಫೆಬ್ರುವರಿಯ ಜಗಳವನ್ನು ಪೂರ್ತಿ ಬರೆಯಿರಿ, ಜುಲೈಯನ್ನು ಪೂರ್ತಿ ಬರೆಯಿರಿ. ಜೋಡಿಸುವ ಕೆಲಸ ಓದುವ ಮಗುವಿನದು.

ಆಟ ಎಲ್ಲವನ್ನೂ ಗೆದ್ದುಕೊಡುತ್ತದೆ ಎಂಬ ಆಮಿಷದಿಂದಲೂ ದೂರ ಇರಬೇಕು. 2001ರ ‘ಲಗಾನ್’ ಸಿನಿಮಾ ನೋಡಿದ್ದೀರಿ. ಬರಗಾಲ, ಕಂದಾಯ, ಕ್ರಿಕೆಟ್ ಮೂರೂ ಅಲ್ಲಿವೆ, ಪಂದ್ಯ ಗೆದ್ದರೆ ಕಂದಾಯ ಮಾಫಿ. ಅದು ಒಳ್ಳೆಯ ಕನಸು, ಜನ ಅದನ್ನು ಪ್ರೀತಿಯಿಂದ ಕಂಡರು. ನವಲಗುಂದದಲ್ಲಿ ಯಾವ ಪಂದ್ಯವೂ ಯಾವ ಕರವನ್ನೂ ಇಳಿಸಲಿಲ್ಲ. ಆಟ ಗೆದ್ದ ಸಂಜೆಯೂ ಮನೆಯಲ್ಲಿ ನೋಟಿಸು ಹಾಗೇ ಇರುತ್ತದೆ. ಆದರೂ ಮಕ್ಕಳು ಮರುದಿನ ಆಡುತ್ತಾರೆ, ಮೈಮರೆತು ಆಡುತ್ತಾರೆ. ಆ ಮೈಮರೆವಿಗೆ ಯಾವ ಉಪಯೋಗವನ್ನೂ ಹಚ್ಚದೆ ಅದನ್ನು ಗೌರವಿಸುವ ಲೇಖಕ ಬೇಕು.

ಚಿತ್ರಪುಸ್ತಕದಲ್ಲಿ ಇದನ್ನು ಸಾಧಿಸಿದವರು ನೀನಾ ಸಬ್ನಾನಿ. ತಮ್ಮ ತಂದೆಯ ನೆನಪನ್ನು ಆಧರಿಸಿ ಅವರು ‘ಮುಕಂದ್ ಅಂಡ್ ರಿಯಾಜ್’ ಮಾಡಿದರು, ಬಟ್ಟೆಯ ಚೂರುಗಳನ್ನು ಹೊಲಿದು ಮಾಡಿದ ಚಿತ್ರಗಳು. 1947ರಲ್ಲಿ ದೇಶ ಒಡೆದಾಗ ಬೇರೆಯಾದ ಇಬ್ಬರು ಗೆಳೆಯರ ಕತೆ ಅದು. ಅವರಿಗೆ ಕ್ರಿಕೆಟ್ ಪ್ರಾಣ, ಮುಕಂದನಿಗೆ ಅವನ ಕ್ಯಾಪು ಪ್ರಾಣ. ಅಗಲುವಾಗ ಆ ಕ್ಯಾಪು ರಿಯಾಜ್‌ನ ಕೈ ಸೇರುತ್ತದೆ. ಗಡಿರೇಖೆ, ಒಪ್ಪಂದ, ನಾಯಕರು ಇವೆಲ್ಲದರ ಭಾರವನ್ನು ಒಂದು ಟೋಪಿ ಹೊರುತ್ತದೆ.

ನವಲಗುಂದದ ಕಾದಂಬರಿಯಲ್ಲಿ ಆ ಭಾರವನ್ನು ಹೊರಬೇಕಾದವನು ಪೊಲೀಸನ ಮಗ ಎಂದು ನನಗನಿಸುತ್ತದೆ. ಕ್ವಾರ್ಟರ್ಸಿನಲ್ಲಿ ಇರುವ ಹುಡುಗ, ಬೇರೆ ಊರಿನಿಂದ ವರ್ಗವಾಗಿ ಬಂದವನು, ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಚೆಂಡು ತಿರುಗಿಸುವವನು. ಜುಲೈ 21ರ ತನಕ ಅವನು ಗೆಳೆಯ. 22ರಿಂದ ಅವನ ಜೊತೆ ಮಾತಾಡಬಾರದೆಂದು ಮನೆಯವರು ಅನ್ನುತ್ತಾರೆ. ಅವನ ಅವ್ವ ಅವನನ್ನು ಹೊರಗೆ ಬಿಡುವುದಿಲ್ಲ. ಸತ್ತ ರೈತನಿಗೂ ಮನೆ ಇತ್ತು, ಸತ್ತ ಪೊಲೀಸನಿಗೂ ಮನೆ ಇತ್ತು. ಯಾರ ಕಡೆ ನ್ಯಾಯ ಇತ್ತೆಂಬುದರ ಬಗ್ಗೆ ನನ್ನ ಮನಸ್ಸಿನಲ್ಲಿ ಗೊಂದಲ ಇಲ್ಲ, ಅದು ರೈತರ ಕಡೆ ಇತ್ತು. ಹಾಗೆಂದು ಆ ಹುಡುಗನ ಒಂಟಿತನವನ್ನು ಬರೆಯದೆ ಬಿಟ್ಟರೆ ಕಾದಂಬರಿ ಅರ್ಧ ಸತ್ಯವಾಗುತ್ತದೆ. ರಾಜಂನ ತಂದೆಯನ್ನು ಲಾಠಿಯ ಜೊತೆ ನಿಲ್ಲಿಸಿಯೂ ರಾಜಂನನ್ನು ಕಡೆಯವರೆಗೂ ಸ್ವಾಮಿ ಪ್ರೀತಿಸುವಂತೆ ನಾರಾಯಣ್ ಮಾಡಿದರಲ್ಲ, ಆ ಧೈರ್ಯ ನಮಗೂ ಬೇಕು.

ಮಗು ಹುಡುಗನೇ ಆಗಬೇಕೆಂಬ ಕಟ್ಟೇನೂ ಇಲ್ಲ. 1976ರಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ. ಅವರ ಫೋಟೋ ಅಚ್ಚಾದ ಪತ್ರಿಕೆಯ ಹಾಳೆ ಕಿರಾಣಿ ಪೊಟ್ಟಣವಾಗಿ ಒಂದು ಮನೆಗೆ ಬಂದಿರಬಹುದು. ಅದನ್ನು ಬಿಡಿಸಿ ನೋಡಿದ ಹುಡುಗಿಗೆ ಆಡುವ ಪುರುಸೊತ್ತು ಎಲ್ಲಿ? ಹತ್ತಿ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಸಣ್ಣ ಬೆರಳಿನ ಮಕ್ಕಳನ್ನು ಕರೆದೊಯ್ಯುತ್ತಿದ್ದರು, ಅದರಲ್ಲಿಯೂ ಹುಡುಗಿಯರನ್ನು. ಹೂವಿನ ಗಂಡುಭಾಗ ಕಿತ್ತು, ಪರಾಗ ಮುಟ್ಟಿಸಿ, ನೂಲು ಕಟ್ಟುವ ಸೂಕ್ಷ್ಮ ಕೆಲಸ. ಆ ಬೆರಳುಗಳಿಗೆ ಚೆಂಡು ಸಿಕ್ಕಿದ್ದರೆ! ಹೊಲ ಇರುವವರ ಮಕ್ಕಳು, ಕೂಲಿಯವರ ಮಕ್ಕಳು, ಕಣದೊಳಗೆ ಕಾಲಿಡಲು ಹಿಂಜರಿಯುವಂತೆ ಮಾಡಲ್ಪಟ್ಟ ಕೇರಿಯ ಮಕ್ಕಳು ಇವರೆಲ್ಲ ಒಂದೇ ತಂಡದಲ್ಲಿ ಆಡುತ್ತಿದ್ದರೆಂದು ಸುಲಭವಾಗಿ ಬರೆಯಬೇಡಿ. ಯಾರು ಬ್ಯಾಟು ಹಿಡಿದರು, ಯಾರು ಇಡೀ ಬೇಸಿಗೆ ಚೆಂಡು ಹೆಕ್ಕಿಕೊಟ್ಟರು ಎಂಬುದನ್ನು ನೋಡಿ ಬರೆಯಿರಿ.

ಕಾದಂಬರಿಯನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಉಳಿದಿದೆ. 1983ರ ಜನವರಿಯಲ್ಲಿ ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ಬಂತು, ಅದೇ ವರ್ಷ ಜೂನ್ 25ರಂದು ಲಾರ್ಡ್ಸ್‌ನಲ್ಲಿ ಭಾರತ ವಿಶ್ವಕಪ್ ಗೆದ್ದಿತು. ನಮ್ಮ ರೋಜರ್ ಬಿನ್ನಿ 18 ವಿಕೆಟ್ ಪಡೆದು ಆ ಕೂಟದಲ್ಲಿ ಎಲ್ಲರಿಗಿಂತ ಮೇಲಿದ್ದರು. ಕತೆಯನ್ನು ಅಲ್ಲಿಗೆ ತಂದು ಮುಗಿಸುವ ಆಸೆ ಯಾರಿಗಾದರೂ ಬರುತ್ತದೆ. ನನ್ನ ಸಲಹೆ, ಬೇಡ. ಲಾರ್ಡ್ಸ್‌ನ ಸಂಭ್ರಮ ಅಳಗವಾಡಿಯ ದುಃಖಕ್ಕೆ ಪರಿಹಾರದಂತೆ ಕಾಣಿಸಿಬಿಡುತ್ತದೆ. ಹುಡುಗ ದೊಡ್ಡವನಾಗಿ ದೇಶಕ್ಕೆ ಆಡಿದ ಎಂದೂ ಬರೆಯಬೇಡಿ. ಅಂಥ ಹುಡುಗ ಈ ಸೀಮೆಯಲ್ಲಿ ನಿಜವಾಗಿಯೇ ಇದ್ದ. ಗದಗಿನ ಸುನಿಲ್ ಜೋಶಿ ಹುಟ್ಟಿದ್ದು 1970ರಲ್ಲಿ, ಬಂಡಾಯದ ವರ್ಷ ಅವರಿಗೆ ಹತ್ತು. ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ ಶಾಲೆಯ ಹೊತ್ತಿಗೆ ಮರಳುತ್ತಿದ್ದರು, ನಡುವೆ ಅಣ್ಣಿಗೇರಿ. 1996ರಲ್ಲಿ ಟೆಸ್ಟ್ ಆಡಿದರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರುಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಕಿತ್ತರು. ಅವರ ಬದುಕಿಗೆ ಜೀವನಚರಿತ್ರೆ ಬರಲಿ. ಕಾದಂಬರಿ ಮಾತ್ರ ಹುಬ್ಬಳ್ಳಿಯ ರೈಲು ಹತ್ತಲಾಗದೆ ಉಳಿದ ಮಗುವಿನದಾಗಿರಲಿ.

ಇತಿಹಾಸ ಅಷ್ಟು ಹತ್ತಿರದ್ದಾದರೆ ಅದು ಇತಿಹಾಸವೇ ಎಂದು ಕೆಲವರು ಕೇಳುತ್ತಾರೆ. 2010ರ ಆಗಸ್ಟಿನಲ್ಲಿ ಅಣ್ಣಿಗೇರಿಯಲ್ಲಿ ಚರಂಡಿ ಅಗೆಯುವಾಗ ಸಾಲಾಗಿ ನೂರಾರು ತಲೆಬುರುಡೆ ಸಿಕ್ಕವು. ಯುದ್ಧವೆಂದರು, ತಲೆಬುರುಡೆಯ ಬರವೆಂದೇ ಹೆಸರಾದ 1791–92ರ ಕ್ಷಾಮವೆಂದರು. ಕಾಲದ ಬಗ್ಗೆ ತಜ್ಞರು ಬೇರೆ ಬೇರೆ ಮಾತು ಹೇಳಿದರು. ಆ ಜನ ಯಾರು, ಅವರ ಮಕ್ಕಳು ಏನು ಆಡುತ್ತಿದ್ದರು ಎಂದು ಹೇಳಲು ಈಗ ಒಬ್ಬರೂ ಉಳಿದಿಲ್ಲ. 1980ರ ಮಕ್ಕಳು ಇದ್ದಾರೆ. ಆಗ ಹತ್ತು ವರ್ಷದವರಾಗಿದ್ದವರು ಈಗ ಐವತ್ತು ದಾಟಿದ್ದಾರೆ, ಈ ಸಭೆಯಲ್ಲೇ ಹಲವರು ಕೂತಿದ್ದಾರೆ. 2016ರ ಜುಲೈಯಲ್ಲಿ ಮಹಾದಾಯಿ ನದಿಯ 7.56 ಟಿಎಂಸಿ ನೀರಿನ ಕೋರಿಕೆ ತಿರಸ್ಕೃತವಾದ ಮೇಲೆ ಯಮನೂರಿನಲ್ಲಿ ಪೊಲೀಸರು ಮನೆಯೊಳಗೆ ನುಗ್ಗಿ ಹೊಡೆದದ್ದನ್ನು ಕಂಡ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಅವರ ಕತೆಯೂ ಸರದಿಯಲ್ಲಿದೆ.

ಬರೆಯುವವರು ಇಲ್ಲಿಯ ಮಾತಿನಲ್ಲೇ ಬರೆಯಬೇಕು. ಅಂವಾ, ಅಕಿ, ಹೋಗೂಣು, ಬ್ಯಾಡ್ರಿ ಇವೆಲ್ಲ ಸಂಭಾಷಣೆಗೆ ಮಾತ್ರ ಸೀಮಿತವಾಗದೆ ನಿರೂಪಣೆಯಲ್ಲೂ ಬರಲಿ. ಬೆಂಗಳೂರಿನ ಮಗುವಿಗೆ ಮೊದಲ ಹತ್ತು ಪುಟ ತೊಡಕಾದೀತು, ಹನ್ನೊಂದನೆಯದರಲ್ಲಿ ಕಿವಿ ಪಳಗುತ್ತದೆ.

ಮಕ್ಕಳೆ, ನಿಮಗೊಂದು ಕೆಲಸ. ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜನನ್ನು, ಅಮ್ಮನನ್ನು, ಕಾಕಾನನ್ನು, ಅತ್ತಿಯನ್ನು ಕೇಳಿರಿ: ಆಗ ನೀವು ಎಲ್ಲಿ ಆಡುತ್ತಿದ್ದಿರಿ, ಚೆಂಡು ಎಲ್ಲಿಂದ ತಂದಿರಿ, ಬ್ಯಾಟು ಯಾರು ಮಾಡಿಕೊಟ್ಟರು, ಗೋಲಿಬಾರ್ ಆದ ಮರುದಿನ ಆಡಿದಿರೋ ಇಲ್ಲವೋ, ಯಾವ ಗೆಳೆಯ ಆಮೇಲೆ ಬರಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದು ನಿಮ್ಮ ಮಾಸ್ತರರಿಗೆ, ಅಕ್ಕಾವ್ರಿಗೆ ಕೊಡಿರಿ. ಊರಿನ ನಕ್ಷೆ ತೆಗೆದು ಕಣ, ಕಾಲುವೆ, ಪೊಲೀಸ್ ಠಾಣೆ, ಶಾಲೆ ಎಲ್ಲೆಲ್ಲಿ ಇದ್ದವೆಂದು ಗುರುತು ಮಾಡಿರಿ. ಕಾದಂಬರಿ ಬರೆಯುವವರು ಮೊದಲು ಆ ನಕ್ಷೆಯನ್ನೇ ಕೇಳುತ್ತಾರೆ.